ಕರೀಮಸಾಬನ ಗಂಟು

ಹಾನಗಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ, ದೇವರ ಪಟಗಳ ಪಕ್ಕಕ್ಕೇ ಒಂದು ಗಾಜಿನ ಕಪಾಟಿದೆ. ಅದರಲ್ಲಿ ಬೆಳ್ಳಿಯದೊಂದು ದೊಡ್ಡ ಲೋಟ. ಲೋಟದ ಮೈಮೇಲೆ ಚುಕ್ಕೆ ಹೊಡೆದು ‘ಉತ್ತಮ ಆಟಗಾರ ಮಧ್ವೇಶ, ಬಾಸ್ಕೆಟ್‌ಬಾಲ್, ೧೯೩೮’ ಎಂದು ಬರೆದಿತ್ತು. ಮಧ್ವೇಶ ಎಂದರೆ ನನ್ನ ಗಂಡ. ಮನೆಗೆ ಯಾರೇ ಬರಲಿ, ಅವರು ಚಹಾದ ಬಟ್ಟಲು ಕೆಳಗಿಡುವುದರೊಳಗೆ ಮಾತು ಆ ಲೋಟಕ್ಕೆ ಬಂದಿರುತ್ತಿತ್ತು. ಹಿರೇಕೆರೂರಿನ ಮೈದಾನದಲ್ಲಿ ತಾನು ಹೇಗೆ ನೆಗೆದೆ, ಚೆಂಡು ಹೇಗೆ ಬುಟ್ಟಿಗೆ ಬಿತ್ತು, ಜನ ಹೇಗೆ ಕೂಗಿದರು, ಎಲ್ಲ ಹೇಳಿ ಮುಗಿಸಿ, ಕೊನೆಗೆ ಬಲಭುಜ ನೀವಿಕೊಂಡು, “ಈಗ ಕೈ ಎತ್ತಲಿಕ್ಕೆ ಬರೂದಿಲ್ರಿ, ಆಡಿ ಆಡಿ ಭುಜ ಹೋಗೇದ” ಎನ್ನುತ್ತಿದ್ದ. ಭುಜಕ್ಕೆ ಏನೂ ಆಗಿರಲಿಲ್ಲ. ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿ ಇಳಿಸುವಾಗ ಅದೇ ಭುಜ ಸಲೀಸಾಗಿ ಮೇಲೇಳುತ್ತಿತ್ತು.

ಗಂಡನನ್ನು ‘ಅವರು’ ಎನ್ನಬೇಕು, ನನಗೂ ಗೊತ್ತು. ಎಂಟು ವರ್ಷ ಆ ಲೋಟವನ್ನು ರಂಗೋಲಿ ಪುಡಿ ಹಚ್ಚಿ ತಿಕ್ಕಿದ ಕೈ ನನ್ನದು. ತಿಕ್ಕುತ್ತ ತಿಕ್ಕುತ್ತ ಆ ಮರ್ಯಾದೆಯೂ ಸವೆದುಹೋಯಿತು. ಈ ಮನುಷ್ಯ ತನ್ನ ಜನ್ಮದಲ್ಲಿ ಒಂದು ಚೆಂಡನ್ನೂ ಬುಟ್ಟಿಗೆ ಹಾಕಿದವನಲ್ಲ. ಇದನ್ನು ಹೇಳುವಾಗ ಈಗಲೂ ನನ್ನ ಮೈ ಉರಿಯುತ್ತದೆ. ಸಮಾಧಾನದಿಂದ ಹೇಳು ತುಳಸಾಬಾಯಿ ಎನ್ನುವವರು ಬೇರೆ ಯಾರ ಹತ್ತಿರವಾದರೂ ಹೋಗಿ ಬೇರೆ ಕಥೆ ಕೇಳಲಿ.

ಚೆಂಡು ಹಾಕಿದವನು ಸವಣೂರಿನ ಶೇಖಸಾಬ. ಎಲೆತೋಟದ ಕರೀಮಸಾಬನ ಮಗ.

ಸವಣೂರಿನ ವೀಳ್ಯದೆಲೆ ಗೊತ್ತಿಲ್ಲದವರು ನಮ್ಮ ಕಡೆ ಯಾರೂ ಇಲ್ಲ. ತೋಟದಲ್ಲಿ ಕೊಯ್ದ ಎಲೆಯನ್ನು ಪೆಂಡಿ ಕಟ್ಟಿ, ಬಾಳೆಪಟ್ಟೆ ಸುತ್ತಿ, ಬಸ್ಸಿನ ತಲೆಯ ಮೇಲಿನ ಬುಟ್ಟಿಗಳಲ್ಲಿ ತುಂಬಿ ಹಾನಗಲ್ಲ, ಹಿರೇಕೆರೂರು, ಶಿಗ್ಗಾವಿಗೆ ಕಳಿಸುತ್ತಾರೆ. ಬಸ್ಸು ಬಹಳ ಹೊತ್ತು ನಿಲ್ಲುವುದಿಲ್ಲ. ಬೇರೆಯವರು ಪೆಂಡಿ ಹೊತ್ತು ಏಣಿ ಹತ್ತುತ್ತಿದ್ದರೆ, ಶೇಖಸಾಬ ನೆಲದ ಮೇಲೆಯೇ ನಿಂತು ಒಂದೊಂದಾಗಿ ಮೇಲಕ್ಕೆ ಒಗೆಯುತ್ತಿದ್ದ. ಆಳು ಎತ್ತರ, ಕೈ ಉದ್ದ. ಆದರೆ ಗುಟ್ಟು ಎತ್ತರದಲ್ಲಿರಲಿಲ್ಲ. ಎಲೆಯ ಪೆಂಡಿ ಕಲ್ಲಲ್ಲ, ಬೀಸಿ ಒಗೆದರೆ ಒಳಗಿನ ಎಲೆ ನಜ್ಜುಗುಜ್ಜಾಗಿ ಮರುದಿನಕ್ಕೆ ಕಪ್ಪಾಗುತ್ತದೆ. ಅದು ಮೇಲೆ ಹೋಗಿ, ಅಲ್ಲಿ ಒಂದು ಗಳಿಗೆ ನಿಂತಂತಾಗಿ, ಮೆಲ್ಲಗೆ ಬುಟ್ಟಿಯೊಳಗೆ ಕೂಡಬೇಕು. ಹಾಗೆ ಒಗೆಯುವುದನ್ನು ಅವನು ತನ್ನ ಅಪ್ಪನ ಬೈಗುಳ ತಿಂದು ಕಲಿತಿದ್ದ.

ಶಿಗ್ಗಾವಿಯ, ಹತ್ತಿಯ ಬೀಜ ಬಿಡಿಸುವ ಜಿನ್ನಿನ ಮಾಲೀಕ ಮೈಲಾರಲಿಂಗಪ್ಪ ಒಂದು ದಿನ ಸವಣೂರಿನ ಮೋಟಾರ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತ ಇದನ್ನು ನೋಡಿದ. ಅವನಿಗೆ ಬಾಸ್ಕೆಟ್‌ಬಾಲಿನ ಹುಚ್ಚು. ಪುಣೆಯಲ್ಲಿ ಆ ಆಟ ನೋಡಿ ಬಂದು, ಹತ್ತಿ ಒಣಗಿಸುವ ಅಂಗಳದಲ್ಲಿ ಎರಡು ಕಂಬ ನೆಡಿಸಿ, ಕಮ್ಮಾರನ ಕೈಲಿ ಕಬ್ಬಿಣದ ಬಳೆ ಮಾಡಿಸಿ ಹಾಕಿಸಿದ್ದ. ಜನ ಅದನ್ನು ಬುಟ್ಟಿಚೆಂಡು ಎನ್ನುತ್ತಿದ್ದರು.

“ಏ ತಮ್ಮಾ, ಎಲಿ ಬಿಟ್ಟು ಚೆಂಡು ಒಗೀತೀಯೇನು?” ಎಂದು ಮೈಲಾರಲಿಂಗಪ್ಪ ಕೇಳಿದ.

“ಚೆಂಡು ಒಗದ್ರ ಹೊಟ್ಟಿ ತುಂಬತೈತೇನ್ರಿ?”

“ನಾ ಪಗಾರ ಕೊಡ್ತೇನಿ. ಆಡೂದ ನಿನ್ನ ಕೆಲಸ.”

ಹೀಗೆ ಅವನು ಆಟದ ನೌಕರನಾದ. ಕುಸ್ತಿಯವರನ್ನು ಬಿಟ್ಟರೆ ನಮ್ಮ ನಾಲ್ಕು ತಾಲೂಕುಗಳಲ್ಲಿ ಆಡಿ ಪಗಾರ ತಿಂದವನು ಅವನೊಬ್ಬನೇ. ಉಳಿದವರು ಶಾಲೆ ಮಾಸ್ತರರು, ಗುಮಾಸ್ತರು. ಸಂಜೆ ಚಹಾ ಕುಡಿದು ಅಂಗಳಕ್ಕೆ ಬರುವವರು. ಇವನು ಬೆಳಗಿನಿಂದ ಆ ಬಳೆಯ ಕೆಳಗೇ ಇರುತ್ತಿದ್ದ. ಒಂದೇ ವರ್ಷದಲ್ಲಿ ಅವನನ್ನು ತಡೆಯುವವರು ಯಾರೂ ಇಲ್ಲದಂತಾಯಿತು.

ಆಗಲೇ ನಾಲ್ಕು ತಾಲೂಕುಗಳ ಪಂದ್ಯ ನಡೆಸುವುದೆಂದು ಸಂಭಾವಿತರ ಸಮಿತಿಯೊಂದು ಹುಟ್ಟಿತು. ಕಾರ್ಯದರ್ಶಿ ನಮ್ಮಪ್ಪ, ಹಿರೇಕೆರೂರಿನ ವಕೀಲ ವಾದಿರಾಜರಾಯರು. ಅವರು ಮಾಡಿದ ಮೊದಲ ನಿಯಮ: ಪಗಾರಕ್ಕೆ ಆಡುವವರು, ಕೂಲಿ ಮಾಡುವವರು ಕಣಕ್ಕಿಳಿಯಕೂಡದು, ಮ್ಯಾಟ್ರಿಕ್ ಮುಗಿಸಿದವರಿಗೆ ಮಾತ್ರ ಅವಕಾಶ. ಹೊಟ್ಟೆಗಾಗಿ ಆಡಿದರೆ ಆಟ ಮೈಲಿಗೆಯಾಗುತ್ತದೆ ಎಂಬುದು ಅವರ ವಾದ. ಹೊಟ್ಟೆಗಾಗಿ ಕೋರ್ಟಿನಲ್ಲಿ ವಾದಿಸಿದರೆ ವಾದ ಮೈಲಿಗೆಯಾಗುವುದಿಲ್ಲವೇ ಎಂದು ಅವರನ್ನು ಯಾರೂ ಕೇಳಲಿಲ್ಲ.

ಗೆದ್ದ ತಂಡಕ್ಕೆ ಕೊಡುವ ಢಾಲನ್ನು ಮೈಲಾರಲಿಂಗಪ್ಪನಿಗೆ ಗೆಲ್ಲಲೇಬೇಕಿತ್ತು. ಅವನ ಜಿನ್ನಿನಲ್ಲಿ ಹಾನಗಲ್ಲಿನ ಮಧ್ವೇಶ ಎಂಬ ಗುಮಾಸ್ತನಿದ್ದ. ಮ್ಯಾಟ್ರಿಕ್ ಪಾಸು, ವೈಷ್ಣವರ ಮನೆತನ, ಬಿಸಿಲಿಗೆ ಹೋದರೆ ತಲೆನೋವು. ಅವನ ಹೆಸರಿನಲ್ಲಿ ಶೇಖಸಾಬನನ್ನು ಆಡಿಸುವುದೆಂದು ಠರಾವಾಯಿತು. ಬೆವರದೆಯೇ ಪತ್ರಿಕೆಯಲ್ಲಿ ಹೆಸರು ಬರುತ್ತದೆಂದರೆ ಮಧ್ವೇಶ ಯಾಕೆ ಬೇಡವೆಂದಾನು? ಕೂಡಲೇ ಒಪ್ಪಿದ. ಶೇಖಸಾಬನ ಒಪ್ಪಿಗೆ ಕೇಳಿದವರಿಲ್ಲ. ಆಡಿದರೆ ಈ ಹೆಸರಿನಲ್ಲಿ, ಇಲ್ಲದಿದ್ದರೆ ಎಲೆ ಕಟ್ಟಲು ಹೋಗು ಎಂದರು.

ಹಾನಗಲ್ಲಿನಲ್ಲಿ ಪಂದ್ಯವಿದ್ದರೆ ಶೇಖಸಾಬನಿಗೆ ಜ್ವರ ಬರುತ್ತಿತ್ತು, ಯಾಕೆಂದರೆ ಅಲ್ಲಿಯವರಿಗೆ ನಿಜವಾದ ಮಧ್ವೇಶನ ಮುಖ ಗೊತ್ತು. ಸವಣೂರಿನಲ್ಲಿದ್ದರೂ ಅದೇ ಜ್ವರ. ತನ್ನ ಊರಿನಲ್ಲಿ, ತನ್ನ ಅಪ್ಪನೆದುರು ಅವನು ಒಂದು ದಿನವೂ ಆಡಲಿಲ್ಲ. ಕರೀಮಸಾಬ ಮಾತ್ರ ಪ್ರತಿ ಪಂದ್ಯದ ಮರುದಿನ ಚಹಾದಂಗಡಿಗೆ ಹೋಗಿ, ಧಾರವಾಡದಿಂದ ಬಂದ ಪತ್ರಿಕೆಯನ್ನು ಯಾರ ಕೈಲಾದರೂ ಓದಿಸುತ್ತಿದ್ದ. “ನಮ್ಮ ಹುಡುಗನ ಹೆಸರ ಐತೇನ್ರಿ?” ಇರುತ್ತಿರಲಿಲ್ಲ. ಮಧ್ವೇಶ ಹೀಗೆ ಆಡಿದ, ಮಧ್ವೇಶ ಹಾಗೆ ಹಾಕಿದ ಎಂದಿರುತ್ತಿತ್ತು. “ನಿನ್ನ ಮಗ ಆಡೋರಿಗೆ ನೀರ ಕೊಡ್ತಿರಬೇಕು ತಗೋ ಚಾಚಾ” ಎಂದು ಜನ ನಗುತ್ತಿದ್ದರು. ಮಗ ಮನೆಗೆ ಬಂದಾಗ ಅಪ್ಪ ಏನೂ ಕೇಳುತ್ತಿರಲಿಲ್ಲವಂತೆ. ಕೇಳದೆ ಇದ್ದದ್ದೇ ಶೇಖಸಾಬನಿಗೆ ಹೆಚ್ಚು ಚುಚ್ಚುತ್ತಿತ್ತು.

ನಾನು ಅವನ ಆಟ ನೋಡಿದ್ದು ಒಂದೇ ಸಲ. ಅವನು ಹಾಗೆ ಆಡತೊಡಗಿ ಮೂರನೆಯ ವರ್ಷ. ಸಂಕ್ರಾಂತಿ ಮುಗಿದಿತ್ತು, ಹಿರೇಕೆರೂರಿನಲ್ಲಿ ಆ ವರ್ಷದ ಕೊನೆಯ ಪಂದ್ಯ. ನಾವು ಹೆಂಗಸರು ಶಾಲೆಯ ಜಗಲಿಯ ಮೇಲೆ ಕೂತಿದ್ದೆವು. ನನಗೆ ಹದಿನಾರು ವರ್ಷ, ಆಟದ ಕಾಯಿದೆ ಒಂದೂ ತಿಳಿಯದು. ಆದರೂ ಅವನ ಕೈಗೆ ಚೆಂಡು ಬಂದಾಗ ಏನಾಗುತ್ತಿದೆ ಎಂದು ತಿಳಿಯುತ್ತಿತ್ತು. ಉಳಿದವರು ಚೆಂಡಿನ ಮೇಲೆ ಸಿಟ್ಟು ಬಂದವರಂತೆ ಒಗೆಯುತ್ತಿದ್ದರು. ಇವನು ಅದಕ್ಕೆ ನೋವಾಗಬಾರದು ಎಂಬಂತೆ ಬಿಡುತ್ತಿದ್ದ. ಕೈಯಿಂದ ಹೋದದ್ದು ಕಾಣುತ್ತಿತ್ತು, ಕಬ್ಬಿಣದ ಬಳೆಗೆ ತಾಗಿದ ಸಪ್ಪಳ ಕೇಳುತ್ತಿರಲಿಲ್ಲ. ಒಮ್ಮೆ ಇಬ್ಬರು ಮೇಲೆ ಬಿದ್ದು ಕೆಡವಿದರು, ಕೂತಲ್ಲಿಂದಲೇ ಹಾಕಿದ. ಮೈದಾನವೆಲ್ಲ “ಮಧ್ವೇಶಾ! ಮಧ್ವೇಶಾ!” ಎಂದು ಕೂಗಿತು. ಹಾಗೆ ಕೂಗಿದಾಗ ಉಳಿದ ಆಟಗಾರರು ಕೈ ಎತ್ತಿ ಹಲ್ಲು ಬಿಡುತ್ತಾರೆ. ಇವನು ನೆಲ ನೋಡುತ್ತಿದ್ದ. ಏನು ವಿನಯ ಎಂದರು ನನ್ನ ಪಕ್ಕದವರು.

ನಾನು ಆ ಆಟಗಾರನಿಗೆ ಮನಸೋತಿದ್ದೆ ಎಂದು ಯಾರಾದರೂ ಮುಸಿಮುಸಿ ನಗುವುದಾದರೆ ನಗಲಿ. ಮನಸೋತದ್ದು ನಮ್ಮಪ್ಪ. ಎತ್ತರದ ಹುಡುಗ, ವೈಷ್ಣವ, ಮ್ಯಾಟ್ರಿಕ್, ಮೇಲೆ ಕೀರ್ತಿ. ಬೆಳ್ಳಿ ಲೋಟ ಕೈಗಿಟ್ಟು, “ನಾಳೆ ಮಧ್ಯಾಹ್ನ ನಮ್ಮಲ್ಲೇ ಊಟಕ್ಕ ಬರಬೇಕು ಮಧ್ವೇಶರಾಯರ” ಎಂದುಬಿಟ್ಟರು. ನನ್ನನ್ನು ತೋರಿಸುವುದು ಅವರ ಲೆಕ್ಕಾಚಾರ.

ಸಮಿತಿಯ ಕಾರ್ಯದರ್ಶಿ ಕರೆದ ಊಟಕ್ಕೆ ಬರುವುದಿಲ್ಲ ಎಂದರೆ ಸಂಶಯ ಬರುತ್ತದೆ. ಅದಕ್ಕೇ ಮರುದಿನ ಬೆಳಗ್ಗೆ ಧರ್ಮಶಾಲೆಯಲ್ಲಿ ಶೇಖಸಾಬನಿಗೆ ಪಾಠವಾಯಿತು. ಪಾಠ ಹೇಳಿದವನು ಮಧ್ವೇಶನೇ. ತಂಡದ ಮ್ಯಾನೇಜರ ವಿಠ್ಠಲ ಎಂದು ಹೇಳಿಕೊಂಡು ಅವನೂ ಬಂದಿದ್ದ. ಜನಿವಾರ ಹಾಕಿಸಿದ, ಗೋಪೀಚಂದನ ಹಚ್ಚಿದ. ಊಟಕ್ಕೆ ಮೊದಲು ಎಲೆಯ ಪಕ್ಕಕ್ಕೆ ಅನ್ನದ ನಾಲ್ಕು ಅಗುಳು ಇಟ್ಟು, ಸುತ್ತ ನೀರು ತಿರುಗಿಸಿ, ಅಂಗೈಯ ನೀರು ಕುಡಿಯುವುದನ್ನು ಮಾಡಿ ತೋರಿಸಿದ. ಮಾತು ಆಡಬೇಡ, ಹೂಂ ಅನ್ನು, ಸಾಕು ಎಂದ. ಶೇಖಸಾಬ, “ಇದೊಂದು ಬ್ಯಾಡ್ರಿ ಸಾವಕಾರ್ರ, ಉಣ್ಣೋ ಕಡೆ ಸುಳ್ಳು ಬ್ಯಾಡ” ಎಂದು ಮೈಲಾರಲಿಂಗಪ್ಪನ ಕೈ ಹಿಡಿದನಂತೆ. ನೌಕರಿ ಬೇಕೋ ಬೇಡವೋ ಎಂದು ಸಾವಕಾರ ಕೇಳಿದನಂತೆ. ಇದನ್ನೆಲ್ಲ ನನಗೆ ಹೇಳಿದ್ದು ನನ್ನ ಗಂಡನೇ, ಮದುವೆಯಾದ ಹೊಸತರಲ್ಲಿ, ಹೊಟ್ಟೆ ಹಿಡಿದು ನಗುತ್ತ.

ಪಂಕ್ತಿಯಲ್ಲಿ ಸಮಿತಿಯವರೆಲ್ಲ ಕೂತಿದ್ದರು, ಮೈಲಾರಲಿಂಗಪ್ಪನೂ ಮ್ಯಾನೇಜರನ ವೇಷದ ಮಧ್ವೇಶನೂ ಕೂತಿದ್ದರು. ನಮ್ಮವ್ವ ಭಾಗೀರಥಿಬಾಯಿ ಬಡಿಸುತ್ತಿದ್ದಳು, ನಾನು ತುಪ್ಪದ ಗಿಂಡಿ ಹಿಡಿದಿದ್ದೆ. ಶೇಖಸಾಬ ಒಂದು ತಪ್ಪೂ ಮಾಡಲಿಲ್ಲ. ಉಳಿದವರು ಗಬಗಬನೆ ಮಾಡಿ ಮುಗಿಸುವುದನ್ನು ಅವನು ನಿಧಾನವಾಗಿ, ಅಗುಳು ಚೆಲ್ಲದಂತೆ ಮಾಡಿದ. ಅವ್ವ, “ಎಷ್ಟು ಚಂದಾಗಿ ಉಣ್ಣತಾನ ಹುಡುಗ” ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಕೈತೊಳೆದು ಎಲ್ಲರೂ ಪಡಸಾಲೆಗೆ ಬಂದರು. ತಾಂಬೂಲದ ತಟ್ಟೆ ಬಂತು, ಎಲೆಯ ಹೊಸ ಪೆಂಡಿ ಬಂತು. ನಮ್ಮ ಮನೆಗೆ ಮೊದಲಿನಿಂದಲೂ ಎಲೆ ಕೊಡುವವನು ಕರೀಮಸಾಬ. ಅವನ ಪೆಂಡಿಯ ಗಂಟು ವಿಚಿತ್ರ. ಬಾಳೆನಾರಿನ ಕುಣಿಕೆಯನ್ನು ಒಳಗೆಲ್ಲೋ ಸಿಗಿಸಿ ಕಟ್ಟುತ್ತಿದ್ದ. ಬಸ್ಸು ಎಷ್ಟು ಕುಲುಕಿದರೂ ಸಡಿಲಾಗದು, ನಮ್ಮ ಕೈಲಿ ಬಿಚ್ಚಲೂ ಆಗದು. ಅವ್ವ ಯಾವಾಗಲೂ ಈಳಿಗೆಯಿಂದ ಕೊಯ್ಯುತ್ತಿದ್ದಳು. ಅಪ್ಪ ಪೆಂಡಿಯನ್ನು ತಿರುಗಿಸಿ ಮುರುಗಿಸಿ ನೋಡಿ, “ಏ ತುಳಸಾ, ಈಳಿಗಿ ತಗೊಂಬಾ” ಎಂದರು.

ಊಟ ಪಾರಾಗಿತ್ತು. ಹೊಟ್ಟೆ ತುಂಬಿತ್ತು. ಎದುರಿಗೆ ಗುರುತಿನ ವಸ್ತು. ಶೇಖಸಾಬ ಕೈ ಚಾಚಿ ಪೆಂಡಿ ತೆಗೆದುಕೊಂಡ, ಕಣ್ಣೆತ್ತಿ ನೋಡದೆಯೇ ಒಂದು ಕೈಲಿ ಬಿಚ್ಚಿದ. ನಾರು ಹರಿಯಲಿಲ್ಲ, ಹಾಗೇ ಕಳಚಿ ಬಂತು.

“ಅರೇ! ಇದನ್ನ ಹ್ಯಾಂಗ ಬಿಚ್ಚಿದ್ರಿ?” ಎಂದು ಅಪ್ಪ ಬೆರಗಾದರು.

“ಕೊಯ್ಯಬಾರದ್ರಿ. ಕಿರುಬೆರಳಲೆ ಹಿಂಗ ಎಳದ್ರ ತಾನ ಬಿಚ್ಚತೈತಿ” ಎಂದ ಶೇಖಸಾಬ. ಅವನ ಮುಖದಲ್ಲಿ ಆವತ್ತು ಮೊದಲ ಸಲ ನಗೆ ಕಂಡಿತು. “ನಮ್ಮಪ್ಪನ ಗಂಟ್ರಿ ಇದು. ಬ್ಯಾರೆ ಯಾರಿಗೂ ಬರಂಗಿಲ್ಲ.”

ಮೂರು ವರ್ಷ ಇನ್ನೊಬ್ಬನ ಹೆಸರು ಹೊತ್ತು ತಿರುಗಿದವನು, ಅಪ್ಪನ ಕೈಯ ಗಂಟು ಕಂಡಾಗ ಅದನ್ನು ನನ್ನದಲ್ಲ ಎನ್ನಲಾರದೆ ಹೋದ.

ಮುಂದಿನದನ್ನು ಹೇಳಲು ನನಗೆ ಇವತ್ತಿಗೂ ಅಸಹ್ಯ. ಅಪ್ಪ ಎದ್ದರು. “ಕರೀಮಸಾಬ ನಿಮ್ಮಪ್ಪನಾ?” ಎಂದರು. ಶೇಖಸಾಬ ಒಂದು ಗಳಿಗೆ ಮೈಲಾರಲಿಂಗಪ್ಪನನ್ನು ನೋಡಿದ, ಒಂದು ಗಳಿಗೆ ಮಧ್ವೇಶನನ್ನು ನೋಡಿದ. ಇಬ್ಬರೂ ಗೋಡೆ ನೋಡುತ್ತಿದ್ದರು. “ಹೌದ್ರಿ” ಎಂದ.

ಅಂಗಳಕ್ಕೆ ಎಳೆದು ನಿಲ್ಲಿಸಿದರು. ಜನಿವಾರ ಕಿತ್ತರು. ಅವನು ಕೂತಿದ್ದ ಮಣೆಯನ್ನು ಹಿತ್ತಲಿಗೆ ಒಗೆದರು. ಸಗಣಿ ನೀರನ್ನು ಅವನು ನಡೆದ ದಾರಿಗೆ ಸುರಿಯುತ್ತ ಬಂದು ಕೊನೆಗೆ ಅವನ ಕಾಲಿನ ಮೇಲೂ ಸುರಿದರು. “ನಮ್ಮ ಪಂಕ್ತಿಯೊಳಗ ಕೂಡ್ಲಿಕ್ಕೆ ನಿನಗ ನಾಚಿಕಿ ಆಗಲಿಲ್ಲೇನು?” ಎಂದು ಅಪ್ಪ ಚೀರಿದರು.

“ನಾ ಕುಂದ್ರತೇನಿ ಅಂದಿದ್ದಿಲ್ರಿ. ನೀವ ಕರದ್ರಿ” ಎಂದ ಶೇಖಸಾಬ. ಅಷ್ಟೇ.

“ಪಾಪ, ಹುಡುಗ ಚಂದಾಗಿ ಉಂಡಿದ್ದ...” ಎಂದು ಅವ್ವ ಬಾಯಿ ತೆರೆದಳು. ಒಳಗೆ ಹೋಗು ಎಂದು ಅಪ್ಪ ಗದರಿಸಿದರು.

ಆಮೇಲೆ ಅದೇ ಪಡಸಾಲೆಯಲ್ಲಿ ಸಮಿತಿಯವರು ಕೂತು ವಿಚಾರ ಮಾಡಿದರು. ಏನು ತಿನ್ನುತ್ತ? ಕರೀಮಸಾಬನ ಎಲೆ ತಿನ್ನುತ್ತ! ಅವನ ತೋಟ, ಅವನು ಕೊಯ್ದದ್ದು, ಅವನ ಹೆಂಡತಿ ನೀರು ಚಿಮುಕಿಸಿ ಜೋಡಿಸಿದ್ದು, ಅವನ ಮಗ ಈಗ ತಾನೇ ಬಿಚ್ಚಿದ್ದು. ಆ ಎಲೆಯನ್ನು ನಾವು ಶುಭಕಾರ್ಯಕ್ಕೆ ಇಡುತ್ತೇವೆ, ದೇವರ ಮುಂದೆ ಇಡುತ್ತೇವೆ, ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಳ್ಳುತ್ತೇವೆ. ಎರಡು ಹನಿ ನೀರು ಬಿದ್ದರೆ ಎಲೆ ಮಡಿಯಾಗುತ್ತದೆ. ಎಲೆ ಬೆಳೆದವನ ಮಗನಿಗೆ ಹಿರೇಕೆರೂರಿನ ದೊಡ್ಡ ಕೆರೆಯ ನೀರೆಲ್ಲ ಸಾಲದು. ಈ ಶಾಸ್ತ್ರವನ್ನು ನನಗೆ ಯಾರಾದರೂ ಬಿಡಿಸಿ ಹೇಳಲಿ ಎಂದು ಎಷ್ಟೋ ವರ್ಷದಿಂದ ಕಾಯುತ್ತಿದ್ದೇನೆ.

ಮ್ಯಾನೇಜರ ವಿಠ್ಠಲನೇ ನಿಜವಾದ ಮಧ್ವೇಶ ಎಂದು ಮೈಲಾರಲಿಂಗಪ್ಪ ಒಪ್ಪಿಕೊಂಡ. ವಿಚಾರ ಬೇಗ ಮುಗಿಯಿತು. ಮೋಸ ಬಯಲು ಮಾಡಿದರೆ ತಾವೆಲ್ಲ ಅವನ ಜೊತೆ ಉಂಡದ್ದೂ ಬಯಲಾಗುತ್ತದೆ. ಎಲ್ಲರಿಗೂ ಪ್ರಾಯಶ್ಚಿತ್ತ, ಎಲ್ಲರ ಮನೆ ಮಕ್ಕಳ ಸಂಬಂಧಕ್ಕೂ ತೊಡಕು. ಆದ್ದರಿಂದ ಢಾಲು ಶಿಗ್ಗಾವಿಯಲ್ಲೇ ಇರಲಿ, ಲೋಟ ಮಧ್ವೇಶನ ಹತ್ತಿರವೇ ಇರಲಿ, ಆಡಿದವನು ಮಧ್ವೇಶನೇ ಎಂದಿರಲಿ. ಶೇಖಸಾಬ ಮಾತ್ರ ಇನ್ನು ಚೆಂಡು ಮುಟ್ಟಕೂಡದು. “ಬಾಯಿ ಬಿಟ್ಟರ ನಿಮ್ಮಪ್ಪನ ಎಲಿ ಈ ನಾಲ್ಕು ತಾಲೂಕಿನೊಳಗ ಒಂದು ಮನಿಗೂ ಒಂದು ಗುಡಿಗೂ ಹೋಗದಂಗ ಮಾಡ್ತೇನಿ” ಎಂದು ಅಪ್ಪ ಅವನಿಗೆ ಹೇಳಿ ಕಳಿಸಿದರು. ಮೈಲಾರಲಿಂಗಪ್ಪ ಅಲ್ಲಿಯೇ ನೌಕರಿಯಿಂದ ತೆಗೆದ. ಇಪ್ಪತ್ತೆರಡು ವರ್ಷದವನ ಆಟ ನಮ್ಮ ಅಂಗಳದಲ್ಲಿ ಮುಗಿಯಿತು.

ಇನ್ನು ಮಧ್ವೇಶ. ಅದೇ ಸುಳ್ಳನ್ನು ಅವನೂ ಹೇಳಿದ್ದ, ಹೇಳಿದ್ದೇನು, ಕಲಿಸಿಕೊಟ್ಟಿದ್ದ. ಅವನ ಬಾಯಿ ಮುಚ್ಚಿಸುವುದು ಹೇಗೆ? ಅಪ್ಪ ಅವನ ಗೋತ್ರ ಕೇಳಿದರು. ಗೋತ್ರ ಹೊಂದಿತು. ಒಬ್ಬನ ಕಾಲಿಗೆ ಸಗಣಿ ನೀರು ಬಿತ್ತು, ಇನ್ನೊಬ್ಬನ ಕೊರಳಿಗೆ ನಾನು ಬಿದ್ದೆ.

“ಇವನು ಆಡಿದವನಲ್ಲ, ಇವನು ಸುಳ್ಳ. ನಾ ಇವನನ್ನ ಲಗ್ನ ಆಗೂದಿಲ್ಲ” ಎಂದು ಅತ್ತೆ, ಊಟ ಬಿಟ್ಟೆ. “ಆಟದ ಕೂಡ ಸಂಸಾರ ಮಾಡ್ತೀಯೇನು?” ಎಂದರು ಅಪ್ಪ. “ಕುಲಾ ಛಲೋ ಅದ, ಸಾಕು.” ವೈಶಾಖದಲ್ಲಿ ಮದುವೆಯಾಯಿತು. ಅಂತರಪಟ ಸರಿಸಿದಾಗ ಎದುರಿಗೆ ಕಂಡ ಮುಖ ಆವತ್ತು ಗೋಡೆ ನೋಡುತ್ತಿದ್ದ ಮುಖವೇ. ನನ್ನ ಸಂಗಡ ಆ ಲೋಟವೂ ಹಾನಗಲ್ಲಿಗೆ ಬಂತು. ಜಿನ್ನಿನ ನೌಕರಿ ಬಿಡಿಸಿ, ಅಪ್ಪ ಅಳಿಯನಿಗೆ ಕಚೇರಿಯಲ್ಲಿ ಕೆಲಸ ಕೊಡಿಸಿದರು.

ಕರೀಮಸಾಬ ಹಾನಗಲ್ಲಿನ ಸಂತೆಗೂ ಎಲೆ ತರುತ್ತಿದ್ದ. ಒಮ್ಮೆ ಅವನಿಗೆ ಮಗನ ಸುದ್ದಿ ಕೇಳಿದೆ. “ಹುಬ್ಬಳ್ಳಿಗೆ ಹೋಗಿದ್ದನವ್ವಾ. ಅಲ್ಲಿ ಯಾವುದೋ ತಂಡಕ್ಕ ಆಡೋರು ಬೇಕಾಗಿದ್ರಂತ. ಮೊದಲ ಎಲ್ಲಿ ಆಡೀ ಅಂತ ಕೇಳಿದ್ರಂತ. ಎಲ್ಲೂ ಇಲ್ಲ ಅಂದನಂತ. ಇಷ್ಟ ಉದ್ದ ಬೆಳದು ಎಲ್ಲೂ ಆಡಿಲ್ಲಂದ್ರ ಮೈಯಾಗ ಏನೋ ಐಬು ಐತಿ ಅಂತ ವಾಪಸ ಕಳಿಸಿದ್ರಂತ” ಎಂದ. ಎಲೆ ಎಣಿಸಿಕೊಡುತ್ತ, “ನೀರ ಕೊಡೋ ಕೆಲಸಾನ ಮಾಡ್ತಿದ್ದನೋ ಏನೋ. ನನ್ನ ಮುಂದ ಹೇಳಾಕ ನಾಚಿಕಿ ಅವಂಗ” ಎಂದ. ಮಗ ಅಪ್ಪನಿಗೆ ಏನನ್ನೂ ಹೇಳಿರಲಿಲ್ಲ. ಹೇಳಿದ್ದರೆ ಆ ಮುದುಕ ನಮ್ಮಂಥವರ ಮನೆಗೆ ಎಲೆ ಕೊಡುವುದನ್ನೇ ಬಿಡುತ್ತಿದ್ದ, ತೋಟ ಹಾಳಾಗುತ್ತಿತ್ತು. ಮಗ ಮುಚ್ಚಿಟ್ಟದ್ದನ್ನು ನಾನು ಬಿಚ್ಚುವಂತಿರಲಿಲ್ಲ. ಮನೆಗೆ ಬಂದು ಲೋಟ ತಿಕ್ಕಿದೆ. ಮಹಾಯುದ್ಧ ನಡೆದಷ್ಟು ವರ್ಷವೂ ತಿಕ್ಕಿದೆ. ನನ್ನ ಗಂಡನ ಕಥೆ ವರ್ಷದಿಂದ ವರ್ಷಕ್ಕೆ ಉದ್ದವಾಯಿತು.

ಯುದ್ಧ ಮುಗಿದ ಮರುವರ್ಷ ಹಾನಗಲ್ಲಿನ ಶಾಲೆಯಲ್ಲಿ ಬಾಸ್ಕೆಟ್‌ಬಾಲಿನ ಅಂಕಣ ಮಾಡಿದರು. ಉದ್ಘಾಟನೆಗೆ ಶಾಲಾ ಇನ್ಸ್‌ಪೆಕ್ಟರು, ಅಧ್ಯಕ್ಷತೆಗೆ ನಮ್ಮಪ್ಪ, ಸನ್ಮಾನಕ್ಕೆ ನನ್ನ ಗಂಡ! “ಲೋಟ ವೇದಿಕೆ ಮ್ಯಾಲ ಇಡಬೇಕಂತ. ಮೆರಗು ಹಾಕಿಸಿ ಇಡು” ಎಂದು ಎದೆ ಉಬ್ಬಿಸಿ ಹೇಳಿದ. “ಸವಣೂರಿಗೆ ಹೋಗಿ ಹಾಕಿಸಿಕೊಂಡು ಬರ್ತೇನಿ. ಸಮಾರಂಭಕ್ಕ ಎಲೀನೂ ಹೇಳಿ ಬರ್ತೇನಿ” ಎಂದೆ. ಅವ್ವ ಆಗ ನಮ್ಮಲ್ಲಿಗೆ ಬಂದಿದ್ದಳು. ಏನನ್ನೂ ಕೇಳದೆ ಸೀರೆ ಉಟ್ಟು ಹೊರಟು ನಿಂತಳು.

ಸವಣೂರಿನ ಮೋಟಾರ್ ಸ್ಟ್ಯಾಂಡಿನಲ್ಲಿ ಬಸ್ಸು ಇಳಿಯುತ್ತಿದ್ದಂತೆ ಅವನು ಕಂಡ. ನೆಲದ ಮೇಲೆ ನಿಂತು ಪೆಂಡಿಗಳನ್ನು ಮೇಲಕ್ಕೆ ಒಗೆಯುತ್ತಿದ್ದ. ಪೆಂಡಿ ಹೋಗಿ, ಮೇಲೆ ನಿಂತಂತಾಗಿ, ಮೆಲ್ಲಗೆ ಬುಟ್ಟಿಯಲ್ಲಿ ಕೂಡುತ್ತಿತ್ತು. ನೋಡಲು ಯಾರೂ ಇರಲಿಲ್ಲ. ನನಗೆ ಕೂಗಿ ಅಳಬೇಕೆನಿಸಿತು.

ಅವ್ವನನ್ನು ಗುರುತಿಸಿ ಹಿಂದೆ ಸರಿದ. ಅವ್ವ ಮುಂದೆ ಹೋದಳು. “ಆವತ್ತು ನೀ ಚಂದಾಗಿ ಉಂಡೀಪಾ. ಬಡಿಸಿದವಳು ನಾನು, ನನಗ ಯಾವ ಮೈಲಿಗೀನೂ ಆಗಿಲ್ಲ” ಎಂದಳು. ಅವನು ತಲೆ ತಗ್ಗಿಸಿದ.

ಚೀಲದಿಂದ ಲೋಟ ತೆಗೆದು ಅವನ ಮುಂದೆ ಹಿಡಿದೆ. ಅವನು ಕೈ ಹಿಂದಕ್ಕೆ ಕಟ್ಟಿಕೊಂಡ.

“ಇದು ನಂದಲ್ಲರಿ. ಇದರ ಮ್ಯಾಲ ಬ್ಯಾರೇದವರ ಹೆಸರ ಐತಿ.”

“ಅದನ್ನ ತೆಗಿಸಿ ನಿನ್ನ ಹೆಸರು ಹಾಕಿಸ್ಲಿಕ್ಕೇ ಬಂದೇನಿ. ಸಮಾರಂಭಕ್ಕ ನೀನೂ ಬಾ. ಎಲ್ಲಾರ ಮುಂದ ಆಡಿ ತೋರಸು.”

“ನಾ ಬರಂಗಿಲ್ರೀ ಅಕ್ಕಾರ. ಕರದು, ಕುಂದರಿಸಿ, ಎಬ್ಬಿಸಿದ್ದು ಒಂದ ಸಲ ಸಾಕು.”

ಆ ಮಾತಿಗೆ ಎದುರಾಡುವ ಹಕ್ಕು ನಮ್ಮ ಮನೆಯವರಿಗೆ ಯಾರಿಗೂ ಇಲ್ಲ. ಹಾಗಾದರೆ ಹೆಸರು ಹಾಕಿಸಲೇ ಬೇಡವೇ, ಎಲೆಯ ವ್ಯಾಪಾರಕ್ಕೆ ತೊಂದರೆಯಾದೀತೇ ಎಂದು ಕೇಳಿದೆ.

“ಅಂಜಿಕಿ ಇದ್ದದ್ದು ಅಪ್ಪನ ಸಲುವಾಗ್ರಿ. ಹ್ವಾದ ವರ್ಷ ಅಪ್ಪ ತೀರಿಕೊಂಡ. ನಾ ನೀರ ಕೊಡ್ತಿದ್ನೋ ಆಡ್ತಿದ್ನೋ ಅನ್ನೋದು ಕಡೀತನಕಾ ಅವಂಗ ಗೊತ್ತಾಗಲಿಲ್ಲ.” ಅವನು ಲೋಟದ ಕಡೆ ಕೈ ಮಾಡಿದ. “ಹಾಕಸೋದಾದ್ರ ಅಪ್ಪನ ಹೆಸರೂ ಹಾಕಸ್ರಿ. ಅದು ಮೊದಲ ಬರ್ಲಿ.”

ಪೇಟೆಯಲ್ಲಿ ಪಾತ್ರೆಗಳಿಗೆ ಹೆಸರು ಹೊಡೆಯುವ ಹುಚ್ಚಪ್ಪನ ಅಂಗಡಿ ಇತ್ತು. ಹಳೆಯ ಹೆಸರು ಉಜ್ಜಿ ತೆಗೆದರೆ ಬೆಳ್ಳಿ ತೆಳ್ಳಗಾಗುತ್ತದೆ ಎಂದ. ಆಗಲಿ ಎಂದೆ. ಅವನು ಅರದಿಂದ ಉಜ್ಜಿದ. ನನ್ನ ಗಂಡನ ಹೆಸರು ಬಿಳಿಯ ಪುಡಿಯಾಗಿ ಅವನ ಮೊಣಕಾಲಿನ ಮೇಲೆ ಉದುರಿತು. ಗಂಡನ ಹೆಸರು ಅಳಿಸಿದ ಹೆಂಗಸಿಗೆ ಏನು ಗತಿ ಎಂದು ಒಮ್ಮೆ ಅನಿಸಿತು. ಅವ್ವ ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು. ವಾಪಸ್ ಹೊರಡುವಾಗ ಶೇಖಸಾಬ ಸಮಾರಂಭದ ಎಲೆಯ ಪೆಂಡಿ ಕಟ್ಟಿಕೊಟ್ಟ. ಅದೇ ಗಂಟು. ಅದನ್ನು ಬಿಚ್ಚುವುದು ಹೇಗೆಂದು ನನಗೆ ತೋರಿಸಿಯೂ ಕೊಟ್ಟ.

ಸಮಾರಂಭದ ದಿನ ಲೋಟವನ್ನು ರೇಶ್ಮೆ ಬಟ್ಟೆಯಲ್ಲಿ ಸುತ್ತಿ ನಾನೇ ವೇದಿಕೆಯ ಮೇಜಿನ ಮೇಲೆ ಇಟ್ಟೆ. ಪಕ್ಕದಲ್ಲಿ ತಾಂಬೂಲದ ತಟ್ಟೆ, ಎಲೆಯ ಪೆಂಡಿ. ಅಪ್ಪನಿಗೆ ಭಾಷಣಕ್ಕೆ ಮೊದಲು ಎಲೆ ಬೇಕು. ಪೆಂಡಿ ತಿರುಗಿಸಿ ನೋಡಿ, ಚಾಕು ಕೇಳಿದರು. ನಾನು ಕಿರುಬೆರಳಿನಿಂದ ಎಳೆದು ಬಿಚ್ಚಿದೆ. ಅಪ್ಪ ನನ್ನ ಮುಖ ನೋಡಿದರು. ಎಲೆ ಮಡಚಿ ಬಾಯಿಗೆ ಹಾಕಿಕೊಂಡರು.

ನನ್ನ ಗಂಡನ ಹೊಗಳಿಕೆಯಾಯಿತು. ಇನ್ಸ್‌ಪೆಕ್ಟರು ಬಟ್ಟೆ ಸರಿಸಿ ಲೋಟ ಎತ್ತಿ ಹಿಡಿದು ಸಭೆಗೆ ತೋರಿಸಿದರು. ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: “ಉತ್ತಮ ಆಟಗಾರ... ಸವಣೂರ ಕರೀಮಸಾಬರ ಮಗ ಶೇಖಸಾಬ.” ಇನ್ನೊಮ್ಮೆ ಓದಿದರು. ಮಕ್ಕಳು ಚಪ್ಪಾಳೆ ತಟ್ಟಿದರು, ಅವರಿಗೇನು ಗೊತ್ತು. ದೊಡ್ಡವರು ಯಾರೂ ತಟ್ಟಲಿಲ್ಲ.

“ಹೆಸರು ಹೊಡ್ಯಾಂವ ಏನೋ ತಪ್ಪು ಮಾಡ್ಯಾನ್ರಿ” ಎಂದ ನನ್ನ ಗಂಡ. ಬೆವರು ಅವನ ಹಣೆಯ ಅಂಗಾರದ ಗೆರೆ ದಾಟಿ ಇಳಿಯುತ್ತಿತ್ತು.

“ತಪ್ಪಲ್ಲರಿ” ಎಂದೆ ಹೆಂಗಸರ ಸಾಲಿನಿಂದ ಎದ್ದು ನಿಂತು. “ಬರೆಸಿದಾಕಿ ನಾನು. ಆಡಿದವನ ಹೆಸರು ಬರೆಸೇನಿ. ಸಂಶಯ ಇದ್ದರ ಇವರ ಕೈಯಾಗ ಚೆಂಡು ಕೊಡ್ರಿ.”

ಇನ್ಸ್‌ಪೆಕ್ಟರು ಚೆಂಡನ್ನು ಕೊಟ್ಟರು. ಅವನು ಅದನ್ನು ಎರಡೂ ತೋಳಿನಲ್ಲಿ, ನೀರಿನ ಕೊಡ ಅಪ್ಪಿ ಹಿಡಿದಂತೆ ಹಿಡಿದ. ಭುಜ ಎಂದು ಏನೋ ಹೇಳಹೊರಟ. ಅವನ ಮಾತು ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಚೆಂಡು ಹಿಡಿದ ರೀತಿಯನ್ನು ಎಲ್ಲರೂ ನೋಡುತ್ತಿದ್ದರು.

ನಮ್ಮಪ್ಪ ಕುರ್ಚಿಯಿಂದ ಎದ್ದು ವೇದಿಕೆಯ ಅಂಚಿಗೆ ಬಂದರು. “ಮನಿ ಮರ್ಯಾದಿ ಕಳದಿ. ಕುಲಾ ಕೆಡಿಸಿದಿ. ಎಂಥವರ ಹೆಸರನ್ನ ನಮ್ಮ ಮನಿ ಬೆಳ್ಳಿ ಮ್ಯಾಲ ಬರೆಸೀ, ಅವರು ಮುಟ್ಟಿದ್ದನ್ನ ನಾವು...” ಮುಂದಿನ ಮಾತು ಬರಲಿಲ್ಲ, ಬಾಯಿ ತುಂಬ ಎಲೆ ಇತ್ತು. ಕೆಂಪು ರಸ ತುಟಿಯಂಚಿನಿಂದ ಇಳಿದು ಅವರ ಬಿಳಿಯ ಅಂಗಿಯ ಮೇಲೆ ಬಿತ್ತು. ಅದನ್ನು ಒರೆಸಿಕೊಂಡು, ಆ ಎಲೆಯನ್ನೇ ಅಗಿಯುತ್ತ, ಅವರು ನನ್ನನ್ನು ಬೈಯುವುದನ್ನು ಮುಂದುವರಿಸಿದರು.